ನಾಲ್ಕು ಗಾಲಿ, ಒಂದು ಗಾಳಿ

ಅನಾಹುತ ಶುರುವಾದದ್ದು ಒಂದು ಡಬ್ಬಿ ಅಂಟಿನಿಂದ. ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮುಳ್ಳಪ್ಪ ತನ್ನ ವಾಚ್ ರಿಪೇರಿ ಅಂಗಡಿಯ ಮುಂದೆ ಬಂದು ನಿಂತಾಗ ಅಂಗಡಿಯ ಒಂದೇ ಒಂದು ಗಾಜಿನ ಮೇಲೆ ಹಳದಿ ಕಾಗದವೊಂದು ಕೂತಿತ್ತು. ಅಂಟು ಇನ್ನೂ ಹಸಿ. ನೊಣಗಳು ಅವನಿಗಿಂತ ಮೊದಲೇ ಬಂದು ಓದುತ್ತಿದ್ದವು.

ಮುಳ್ಳಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಗಡಿಯಾರದ ಮುಳ್ಳು ತಿರುಗಿಸುವವನು, ಜೊತೆಗೆ ಮಾತೂ ಚುಚ್ಚುವಂಥದ್ದು, ಆದ್ದರಿಂದ ಬೀದಿಯವರೇ ಸೇರಿ ಇಟ್ಟದ್ದು. ಅಂಗಡಿಯೆಂದರೆ ತಗಡಿನ ಒಂದು ಪೆಟ್ಟಿಗೆ, ಕೆಳಗೆ ನಾಲ್ಕು ಗಾಲಿ. ಒಳಗೆ ಒಂದು ಸ್ಟೂಲು, ಒಂದು ಮೇಜು, ಗೋಡೆ ತುಂಬ ಬೇರೆ ಬೇರೆ ಸಮಯ ತೋರಿಸುವ ಗಡಿಯಾರಗಳು. ಅದು ನಿಂತಿದ್ದು ಫುಟ್‌ಪಾತಿಗೂ ರಸ್ತೆಗೂ ನಡುವಿನ ಮಣ್ಣಿನ ಪಟ್ಟಿಯಲ್ಲಿ. ನೀರಿನ ಪೈಪು ಹಾಕುವವರು ಹೋದ ತಿಂಗಳು ಅಲ್ಲಿ ಅಗೆದು, ಅವಸರದಲ್ಲಿ ಮಣ್ಣು ಮುಚ್ಚಿ ಹೋಗಿದ್ದರು.

ಗಾಳಿಗೂ ಮುಳ್ಳಪ್ಪನಿಗೂ ಮೂವತ್ತು ವರ್ಷದ ಹಗೆ. ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗನ್ನು ಚಿಮಟಿಗೆಯಲ್ಲಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಕೂರಿಸುತ್ತಿರುವಾಗ ಗಿರಾಕಿ ಕಿಟಕಿಯಲ್ಲಿ ಬಾಗಿ "ಆಯ್ತಾ?" ಅಂದರೂ ಸಾಕು, ಸ್ಪ್ರಿಂಗು ಮಾಯ. ಆಮೇಲೆ ಎರಡು ಗಂಟೆ ಮುಳ್ಳಪ್ಪ ಮಂಡಿಯೂರಿ ನೆಲ ತಡವಬೇಕು. ಅದಕ್ಕೇ ಎಂಥ ಬೇಸಿಗೆಯಲ್ಲೂ ಅಂಗಡಿಯಲ್ಲಿ ಫ್ಯಾನಿಲ್ಲ. ಕಿಟಕಿಯ ಪಕ್ಕ "ಇಲ್ಲಿ ಸೀನಬಾರದು" ಎಂಬ ಬೋರ್ಡು ಮಾತ್ರ ಇದೆ.

ಹಳದಿ ಕಾಗದವನ್ನು ಓದಿದವರು ನಿವೃತ್ತ ಹೆಡ್ಮಾಸ್ಟರು. ಅವರು ದಿನವೂ ತಮ್ಮ ಗಡಿಯಾರದ ಸಮಯ ಸರಿಯಿದೆಯೇ ಎಂದು ಕೇಳುವ ನೆಪದಲ್ಲಿ ಬಂದು, ಬೀದಿಗೆಲ್ಲ ಪಾಠ ಮಾಡಿ ಹೋಗುವವರು.

"ಗಮನವಿಟ್ಟು ಕೇಳಿ. ಇಂದು ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಭಾರಿ ಬಿರುಗಾಳಿ ಬೀಸಲಿದೆ. ರಸ್ತೆ ಬದಿಯ ಸಡಿಲ ಅಂಗಡಿಗಳನ್ನು ಮೂರು ಗಂಟೆಯೊಳಗೆ ನೆಲಕ್ಕೆ ಭದ್ರವಾಗಿ ಬಿಗಿಯತಕ್ಕದ್ದು. ತಪ್ಪಿದಲ್ಲಿ ಲಾರಿಯಲ್ಲಿ ಎತ್ತಿಕೊಂಡು ಹೋಗಲಾಗುವುದು."

"ಎತ್ಕೊಂಡು ಎಲ್ಲಿಗೆ ಹೋಗ್ತಾರಂತೆ?"

"ಗೋಡೌನಿಗೆ."

ಗೋಡೌನಿಗೆ ಹೋದದ್ದು ತಿರುಗಿ ಬಂದ ಉದಾಹರಣೆ ಆ ಬೀದಿಯಲ್ಲಿ ಒಂದೇ ಒಂದು. ಸೈಕಲ್ ರಿಪೇರಿಯವನ ಪೆಟ್ಟಿಗೆ ಅಂಗಡಿ ಎರಡು ವರ್ಷದ ಹಿಂದೆ ಹೋಗಿತ್ತು, ಅಲೆದಾಡಿ ಅಲೆದಾಡಿ ಕೊನೆಗೆ ಅವನಿಗೆ ಸಿಕ್ಕಿದ್ದು ಅದರ ಬಾಗಿಲು. ಈಗ ಆತ ಆ ಬಾಗಿಲನ್ನು ಮಂಚ ಮಾಡಿಕೊಂಡು ಮಲಗುತ್ತಾನೆ.

"ಯಾರ್ರೀ ನನ್ನ ಅಂಗಡಿ ಎತ್ತೋರು? ಗಾಳಿ ಎತ್ತಲ್ಲ, ಲಾರಿನೂ ಎತ್ತಲ್ಲ. ನಾನು ಇಲ್ಲೇ ಇರ್ತೀನಿ!" ಎಂದು ಮುಳ್ಳಪ್ಪ ಬೀದಿಗೆ ಕೇಳುವಂತೆ ಸಾರಿದ.

"ಹಾಗಾದ್ರೆ ಬಿಗೀರಿ ಮತ್ತೆ. ಭಾಷಣ ಮಾಡಿದ್ರೆ ಅಂಗಡಿ ನಿಲ್ಲಲ್ಲ," ಎಂದಳು ಪಕ್ಕದ ಕಾಂಕ್ರೀಟು ಕಟ್ಟಡದಿಂದ ಜೆರಾಕ್ಸಕ್ಕ. ಜೆರಾಕ್ಸ್ ಅಂಗಡಿ ನಡೆಸುವ ಆಕೆಗೆ ಬೀದಿಯವರೆಲ್ಲರ ಕಾಗದಪತ್ರಗಳೂ ಬಾಯಿಪಾಠ. "ನಮ್ಮ ಇಸ್ತ್ರಿ ಅಣ್ಣನ ಹತ್ರ ಸುತ್ತಿಗೆ ಇದೆ, ಗೂಟನೂ ಇದೆ."

ಎದುರಿನ ಇಸ್ತ್ರಿ ಅಣ್ಣ ಒಳ್ಳೆಯವನು. ಕೆಲಸ ಹೇಳಿದರೆ ಯಾಕೆ ಅಂತ ಕೇಳುವುದಿಲ್ಲ, ಸಾಕು ಅಂದರೂ ನಿಲ್ಲಿಸುವುದಿಲ್ಲ. ಮೊಣಕೈ ಉದ್ದದ ನಾಲ್ಕು ಕಬ್ಬಿಣದ ಗೂಟಗಳನ್ನು ನಾಲ್ಕು ಮೂಲೆಗೆ ಹೊಡೆದ. ಒಂದೊಂದು ಹೊಡೆತಕ್ಕೂ ಒಳಗಿನ ಗಡಿಯಾರಗಳು ಗಾಬರಿಯಾಗಿ ಗಂಟೆ ಬಾರಿಸಿದವು. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅಂಗಡಿ ಹಗ್ಗಗಳ ನಡುವೆ ಕಟ್ಟಿಹಾಕಿದ ಹಸುವಿನ ಹಾಗೆ ನಿಂತಿತ್ತು.

ಹನ್ನೊಂದು ಇಪ್ಪತ್ತೈದಕ್ಕೆ ಅಳತೆ ಸಾಹೇಬರು ಬಂದರು.

ಅಳತೆ ಸಾಹೇಬರು ಲೈಸೆನ್ಸ್ ವಿಭಾಗದವರು. ಟೇಪು ಸೊಂಟದಲ್ಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಬಂದು, ಎರಡು ಬೆರಳಿನಿಂದ ಅಂಗಡಿಯನ್ನು ಮೆಲ್ಲಗೆ ತಳ್ಳುತ್ತಾರೆ. ಗಾಲಿ ಉರುಳಿದರೆ ಪಾಸು. ಮುಳ್ಳಪ್ಪನ ಲೈಸೆನ್ಸಿನಲ್ಲಿ ಸ್ಪಷ್ಟವಾಗಿ ಬರೆದಿದೆ: ಅಂಗಡಿಯು ಸದಾ ಉರುಳುವ ಸ್ಥಿತಿಯಲ್ಲಿರತಕ್ಕದ್ದು, ನೆಲಕ್ಕೆ ಕಚ್ಚಿಕೊಂಡಲ್ಲಿ ಕಟ್ಟಡವೆಂದು ಭಾವಿಸಿ ತೆರವುಗೊಳಿಸಲಾಗುವುದು. ಅದಕ್ಕೇ ಮುಳ್ಳಪ್ಪ ವಾರಕ್ಕೊಮ್ಮೆ ಗಾಲಿಗಳಿಗೆ ವಾಚಿನ ಎಣ್ಣೆ ಬಿಡುತ್ತಾನೆ. ಅಷ್ಟು ಒಳ್ಳೆಯ ಎಣ್ಣೆ ಆ ಬೀದಿಯ ಯಾವ ಕಾರಿಗೂ ಸಿಕ್ಕಿಲ್ಲ.

ಸಾಹೇಬರು ಎರಡು ಬೆರಳು ಚಾಚಿದರು. ತಳ್ಳಿದರು. ಅಂಗಡಿ ಅಲುಗಲಿಲ್ಲ. ಬಗ್ಗಿ ನೋಡಿ, ಗೂಟ ಕಂಡು ಹೌಹಾರಿದರು.

"ಏನ್ರೀ ಇದು, ಬೇರು ಬಿಟ್ಟಿದ್ದೀರಲ್ಲ!"

"ಗಾಳಿ ಬರುತ್ತಂತೆ ಸಾರ್. ನಿಮ್ಮ ಆಫೀಸಿನವರೇ ಬಿಗೀಬೇಕು ಅಂತ ಅಂಟಿಸಿದ್ದಾರೆ, ನೋಡಿ."

"ಅದು ಗಾಳಿ ವಿಭಾಗ. ನಂದು ಲೈಸೆನ್ಸು. ಈಗಿಂದೀಗ್ಲೇ ಕೀಳಿ. ಸಂಜೆ ಬರ್ತೀನಿ. ಗಾಲಿ ಉರುಳಿಲ್ಲ ಅಂದ್ರೆ ಲೈಸೆನ್ಸು ಹೋಯ್ತು ಅಂತ ತಿಳ್ಕೊಳ್ಳಿ."

"ಬರೆದು ಕೊಡಿ," ಎಂದ ಮುಳ್ಳಪ್ಪ.

ಇದು ಅವನ ಅಸ್ತ್ರ. ಬಾಯಿಮಾತನ್ನು ಮುಳ್ಳಪ್ಪ ನಂಬುವುದಿಲ್ಲ, ಬಾಯಿಂದ ಬರುವುದೂ ಗಾಳಿಯೇ ಎಂಬುದು ಅವನ ವಾದ. ಹಾಲಿನವನಿಂದ ಹಿಡಿದು ಡಾಕ್ಟರವರೆಗೆ ಎಲ್ಲರ ಹತ್ತಿರವೂ ಬರೆಸಿಕೊಂಡಿದ್ದಾನೆ. ಮದುವೆಯಾದ ಹೊಸತರಲ್ಲಿ ಹೆಂಡತಿ "ಇನ್ಮೇಲೆ ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳಲ್ಲ" ಅಂದಾಗಲೂ ಬರೆದು ಕೊಡು ಅಂದಿದ್ದನಂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಳತೆ ಸಾಹೇಬರು ಸಂತೋಷದಿಂದಲೇ ಬರೆದು ಕೊಟ್ಟರು. ಇಸ್ತ್ರಿ ಅಣ್ಣ ಯಾಕೆ ಅಂತ ಕೇಳದೆ ನಾಲ್ಕು ಗೂಟಗಳನ್ನೂ ಕಿತ್ತ. ಮೊದಲೇ ಪೊಳ್ಳಾಗಿದ್ದ ಮಣ್ಣು ಇನ್ನಷ್ಟು ಸಡಿಲವಾಯಿತು. ಅದನ್ನು ಯಾರೂ ಗಮನಿಸಲಿಲ್ಲ.

ಮುಳ್ಳಪ್ಪ ಹೆಡ್ಮಾಸ್ಟರು ಬರೆದುಕೊಟ್ಟ ಹಳದಿ ಕಾಗದದ ನಕಲನ್ನೂ ಅಳತೆ ಸಾಹೇಬರ ಕಾಗದವನ್ನೂ ಹಿಡಿದು ಆಫೀಸಿಗೆ ನಡೆದ.

ಆಫೀಸಿನಲ್ಲಿ ಹಳದಿ ಕಾಗದ ಅಂಟಿಸಿದ ವಿಭಾಗದ ಗಾಳಿ ಸಾಹೇಬರೂ ಅಳತೆ ಸಾಹೇಬರೂ ಅಕ್ಕಪಕ್ಕದ ಮೇಜಿನಲ್ಲಿ ಕೂರುತ್ತಾರೆ. ಇಬ್ಬರಿಗೂ ಸೇರಿ ತಲೆಯ ಮೇಲೆ ಒಂದೇ ಫ್ಯಾನು. ಗಾಳಿ ಸಾಹೇಬರು ಮೈಕು ಕೊರಳಿಗೆ ಹಾಕಿಕೊಂಡು ನಾಲ್ಕು ಫೋನಿನಲ್ಲಿ ಒಟ್ಟಿಗೆ ಮಾತಾಡುತ್ತಿದ್ದರು.

"ಸಾಹೇಬ್ರೇ, ಒಂದೇ ಪ್ರಶ್ನೆ. ಬಿಗೀಬೇಕಾ, ಬಿಡಬೇಕಾ?"

"ಬಿಗೀಬೇಕು," ಎಂದರು ಗಾಳಿ ಸಾಹೇಬರು.

"ಬಿಡಬೇಕು," ಎಂದರು ಅಳತೆ ಸಾಹೇಬರು, ತಲೆ ಎತ್ತದೆ.

"ಮಧ್ಯೆ ಒಂದು ಮೊಳ ಜಾಗ ಇಲ್ಲ ನಿಮಗೆ. ಒಂದ್ಸಲ ಇಬ್ರೂ ಮಾತಾಡ್ಕೊಳ್ಳಬಾರದಾ?"

"ಅವರದು ಬೇರೆ ವಿಭಾಗ," ಎಂದರು ಇಬ್ಬರೂ ಒಟ್ಟಿಗೆ. ಬಹುಶಃ ಆ ಆಫೀಸಿನಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಮುಳ್ಳಪ್ಪನಿಗೆ ರೋಷ ಉಕ್ಕಿತು. ಕೂಗಾಡಬೇಕೆಂದು ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟ. ಫ್ಯಾನು ಗಿರಗಿರ ತಿರುಗುತ್ತಿದೆ, ಮೇಜಿನ ಮೇಲೆ ನೂರಾರು ಕಾಗದ. ಅಂಚುಗಳು ಪಟಪಟ ಹೊಡೆದುಕೊಳ್ಳುತ್ತಿವೆ. ಆದರೆ ಒಂದೂ ಹಾರುತ್ತಿಲ್ಲ. ಪ್ರತಿ ಕಟ್ಟಿನ ಮೇಲೂ ಒಂದು ಗುಂಡನೆಯ ಗಾಜಿನ ಪೇಪರ್‌ವೇಟ್. ಕಟ್ಟಿಲ್ಲ, ಬಿಗಿದಿಲ್ಲ, ಮೊಳೆ ಹೊಡೆದಿಲ್ಲ. ಸುಮ್ಮನೆ ಕೂತಿದೆ!

"ಭಾರ ಇಟ್ರೆ ನಿಮಗೇನಾದ್ರೂ ತಕರಾರಾ ಸಾರ್?"

"ಹಾರದಿದ್ರೆ ಸಾಕು," ಎಂದರು ಗಾಳಿ ಸಾಹೇಬರು.

"ಸಂಜೆ ಉರುಳಿದ್ರೆ ಸಾಕು," ಎಂದರು ಅಳತೆ ಸಾಹೇಬರು.

ಮುಳ್ಳಪ್ಪ ಬೀದಿಗೆ ಮರಳಿದಾಗ ಅವನ ನಡಿಗೆಯೇ ಬದಲಾಗಿತ್ತು. ಜೆರಾಕ್ಸಕ್ಕನ ಮೆಟ್ಟಿಲ ಮೇಲೆ ನಿಂತು ಸಾರಿದ: "ಬಿಗಿಯೋದೂ ಇಲ್ಲ, ಬಿಡೋದೂ ಇಲ್ಲ. ಗಾಳಿಗೆ ಎತ್ತೋಕಾಗದಷ್ಟು ಭಾರ ತುಂಬ್ತೀನಿ. ಯಾರ ಹತ್ರ ಏನೇನು ಭಾರ ಇದೆಯೋ ತನ್ನಿ!"

ಕೇಳಿದ್ದೇ ತಡ, ಬೀದಿಗೆ ಪರೋಪಕಾರ ಉಕ್ಕಿಬಂತು. ಅದರ ಕಾರಣ ಮುಳ್ಳಪ್ಪನಿಗೆ ಆಮೇಲೆ ಗೊತ್ತಾಯಿತು: ಅವನ ತಗಡಿನ ಪೆಟ್ಟಿಗೆ ಒಂದು ಹನಿಯೂ ಸೋರದ್ದು, ಮಿಕ್ಕವರದೆಲ್ಲ ಸೋರುವಂಥದ್ದು. ಜೆರಾಕ್ಸಕ್ಕ ಕೆಟ್ಟುಹೋದ ಹಳೇ ಮೆಷಿನ್ನನ್ನೂ ಹನ್ನೆರಡು ಪೆಟ್ಟಿಗೆ ಕಾಗದವನ್ನೂ ತಂದಳು. ಹೆಡ್ಮಾಸ್ಟರು ವಿಶ್ವಕೋಶದ ಇಪ್ಪತ್ತೆರಡು ಸಂಪುಟಗಳನ್ನೂ ನಲವತ್ತು ವರ್ಷದ ದಿನಪತ್ರಿಕೆಯ ಕಟ್ಟುಗಳನ್ನೂ ಹೊರಿಸಿಕೊಂಡು ಬಂದು, "ಜ್ಞಾನಕ್ಕಿಂತ ಭಾರವಾದದ್ದು ಯಾವುದೂ ಇಲ್ಲಪ್ಪ," ಎಂದರು. ಇಸ್ತ್ರಿ ಅಣ್ಣ ಆರು ಮೂಟೆ ಇದ್ದಿಲನ್ನೂ ಎರಡು ಇಸ್ತ್ರಿಪೆಟ್ಟಿಗೆಗಳನ್ನೂ ಎಸೆದ. ಸೈಕಲ್ ರಿಪೇರಿಯವನು ಕೂಡ ಮಂಚದ ಬಾಗಿಲನ್ನು ತಂದ.

ಇಷ್ಟರಲ್ಲಿ ಮನೆಯಿಂದ ಹೆಂಡತಿ ಬಂದಳು, ಕಬ್ಬಿಣದ ಹೊಲಿಗೆ ಮೆಷಿನ್ನನ್ನು ಆಟೋದಲ್ಲಿ ಹಾಕಿಕೊಂಡು.

"ನಿನಗ್ಯಾರು ಹೇಳಿದ್ದು?"

"ಇಡೀ ಬೀದಿ ಫೋನ್ ಮಾಡ್ತು. ನೀವೊಬ್ರು ಬಿಟ್ಟು."

"ಇದು ಸಾಕಾಗದಿದ್ರೆ ನಾನೇ ಒಳಗೆ ಕೂತ್ಕೋತೀನಿ. ನೋಡೇಬಿಡ್ತೀನಿ, ಗಾಳಿ ಹೆಚ್ಚೋ ನಾನು ಹೆಚ್ಚೋ ಅಂತ!"

"ನೀವು ಒದ್ದೆ ಬಟ್ಟೆ ಹಾಕ್ಕೊಂಡು ನಿಂತ್ರೂ ಐವತ್ತೆರಡು ಕೆಜಿ," ಎಂದಳು ಹೆಂಡತಿ. "ಅಂಗಡಿ ಹೋದ್ರೆ ಅತ್ಕೊಂಡಾದ್ರೂ ಇನ್ನೊಂದು ಮಾಡೋಣ. ನೀವು ತಗಡಿನೊಳಗೆ ಕೂತ್ಕೊಳ್ಳೋದು ಬೇಡ. ಬನ್ನಿ ಈಚೆ."

ಹಾಗೆ ಹೇಳಿದವಳ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. ಮುಳ್ಳಪ್ಪ ಈಚೆ ಬಂದ. ಕೂರುವೆನೆಂದರೂ ಕೂರಲು ಜಾಗವೂ ಉಳಿದಿರಲಿಲ್ಲ. ಬಾಗಿಲನ್ನು ಇಸ್ತ್ರಿ ಅಣ್ಣ ಬೆನ್ನು ಕೊಟ್ಟು ಒತ್ತಿ ಹಾಕಬೇಕಾಯಿತು.

ಎರಡು ಐವತ್ತೆಂಟಕ್ಕೆ ಲಾರಿ ಬಂತು. ಗಾಳಿ ಸಾಹೇಬರು ಮೈಕಿನಲ್ಲೇ ಕೂಗಿದರು: "ಬಿಗಿದಿಲ್ಲ! ಎತ್ರೋ!"

ಆರು ಜನ ಇಳಿದರು. ಮೂವರು ಈ ಕಡೆ, ಮೂವರು ಆ ಕಡೆ. "ಐಸಾ!" ಎಂದರು. ಅಂಗಡಿ ಕೇಳಿಸದಂತೆ ನಿಂತಿತ್ತು. ಇನ್ನೊಂದು ಸಲ "ಐಸಾ!" ಎಂದರು. ಒಬ್ಬನ ಪ್ಯಾಂಟು ಹರಿದ ಸದ್ದು ಮಾತ್ರ ಬಂತು. ತಳ್ಳಿ ನೋಡಿದರು, ಜಗ್ಗಿ ನೋಡಿದರು, ಕೊನೆಗೆ ಅದಕ್ಕೇ ಒರಗಿಕೊಂಡು ಸುಧಾರಿಸಿಕೊಂಡರು.

"ಆರು ಜನಕ್ಕೆ ಅಲುಗದ್ದು ಗಾಳಿಗೇನು ಅಲುಗುತ್ತೆ, ನಡೀರಿ," ಎಂದು ಗಾಳಿ ಸಾಹೇಬರು ಲಾರಿ ಹತ್ತಿದರು. ಬೀದಿ ಚಪ್ಪಾಳೆ ತಟ್ಟಿತು. ಮುಳ್ಳಪ್ಪ ಕಾಲರ್ ಸರಿಮಾಡಿಕೊಂಡ.

ಆಮೇಲಿನ ಅರ್ಧ ಗಂಟೆ ಹೆಡ್ಮಾಸ್ಟರದು. ಜೆರಾಕ್ಸಕ್ಕನ ಅಂಗಡಿಯ ಹಿಂದಿನ ಕೋಣೆಗೆ ಎಲ್ಲರನ್ನೂ ಸೇರಿಸಿ, ಹಾಜರಿ ಕರೆದು, ನಕಲು ಹಿಡಿದು ಹಳದಿ ನೋಟೀಸಿನ ಉಳಿದ ಭಾಗವನ್ನು ಓದಿ ಹೇಳಿದರು. ಕಿಟಕಿಗಳ ಚಿಲಕ ಹಾಕಿಸಿದರು. ಮೆಟ್ಟಿಲ ಮೇಲಿದ್ದ ಹೂಕುಂಡಗಳನ್ನು ಒಳಗೆ ತರಿಸಿದರು. ಬಕೆಟ್ಟಿಗೆ ಕುಡಿಯುವ ನೀರು, ಮೇಜಿನ ಮೇಲೆ ಟಾರ್ಚು. ಗಾಜಿನ ಹತ್ತಿರ ಯಾರೂ ನಿಲ್ಲಕೂಡದು, ಮರದ ಕೆಳಗೆ, ಕರೆಂಟು ಕಂಬದ ಹತ್ತಿರ ಹೋಗಕೂಡದು. ಕೇಳಿ ಕೇಳಿ ಇಸ್ತ್ರಿ ಅಣ್ಣನಿಗೆ ತೂಕಡಿಕೆ ಬಂತು.

ಮೂರು ಮೂವತ್ತೊಂದಕ್ಕೆ ಗಾಳಿ ಬಂತು. ಒಂದು ನಿಮಿಷ ತಡ ಎಂದು ಮುಳ್ಳಪ್ಪ ಆಕ್ಷೇಪಿಸಿದ.

ಇಡೀ ಬೀದಿಯನ್ನು ಯಾರೋ ಹಿಡಿದು ಕೊಡವಿದಂತಿತ್ತು. ತಗಡುಗಳು ರಸ್ತೆಯಲ್ಲಿ ಓಡಿದವು. ಬೋರ್ಡೊಂದು ತಿರುಗುತ್ತಾ ಹೋಗಿ ಎದುರಿನ ಮಹಡಿಯ ಮೇಲೆ ಕೂತಿತು. ಯಾರದೋ ಬನಿಯನ್ನು ಒಣಗಲು ಹಾಕಿದ ಹಗ್ಗದ ಸಮೇತ ದಾಟಿಹೋಯಿತು. ಗಾಳಿಯ ಹಿಂದೆಯೇ ಮಳೆ, ಅಡ್ಡಡ್ಡ ಬಡಿಯುವ ಮಳೆ. ನಡುವೆ ಒಮ್ಮೆ ಎಲ್ಲ ತಣ್ಣಗಾಯಿತು. ಇಸ್ತ್ರಿ ಅಣ್ಣ ಎದ್ದ.

"ಕೂತ್ಕೋ!" ಎಂದು ಹೆಡ್ಮಾಸ್ಟರು ಗದರಿದರು. "ನಿಂತಿಲ್ಲ ಅದು, ಉಸಿರು ತಗೋತಿದೆ."

ಅವರ ಮಾತು ಮುಗಿಯುವ ಮೊದಲೇ ಎರಡನೇ ಸುತ್ತು ಬಡಿಯಿತು. ಮುಳ್ಳಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತು, ಮೂವತ್ತು ವರ್ಷದ ಸ್ಪ್ರಿಂಗುಗಳನ್ನೆಲ್ಲ ನೆನೆದು, ಮುಷ್ಟಿ ಎತ್ತಿ ಕೂಗಿದ: "ಬಾ! ತಾಕತ್ತಿದ್ರೆ ಎತ್ತು ನೋಡೋಣ! ಸ್ಪ್ರಿಂಗ್ ಎತ್ಕೊಂಡು ಹೋದಷ್ಟು ಸುಲಭ ಅನ್ಕೊಂಡ್ಯಾ?" ಹೆಂಡತಿ ಅವನ ಅಂಗಿಯ ತುದಿ ಹಿಡಿದುಕೊಂಡೇ ಇದ್ದಳು.

ನಾಲ್ಕು ಹದಿನೈದಕ್ಕೆ ಎಲ್ಲ ನಿಂತಿತು. ಹೆಡ್ಮಾಸ್ಟರು ಇನ್ನೂ ಹತ್ತು ನಿಮಿಷ ಕಾಯಿಸಿ ಬಾಗಿಲು ತೆಗೆಸಿದರು.

ಬೀದಿ ಗುರುತು ಸಿಗದ ಹಾಗಿತ್ತು. ಬೋರ್ಡುಗಳಿಲ್ಲ, ಚಪ್ಪರಗಳಿಲ್ಲ, ಕರೆಂಟಿಲ್ಲ. ಆದರೆ ಮಣ್ಣಿನ ಪಟ್ಟಿಯ ಮೇಲೆ, ತೊಳೆದಿಟ್ಟ ಹಾಗೆ, ಮುಳ್ಳಪ್ಪನ ಅಂಗಡಿ ನಿಂತಿತ್ತು! ಸ್ವಲ್ಪ ಗಿಡ್ಡವಾದಂತೆ ಕಂಡಿತು. ಖುಷಿಯಲ್ಲಿ ಅದನ್ನು ಯಾರು ನೋಡುತ್ತಾರೆ? "ಇಲ್ಲಿ ಸೀನಬಾರದು" ಬೋರ್ಡು ಕೂಡ ಜಾಗದಲ್ಲೇ ಇತ್ತು. ಮುಳ್ಳಪ್ಪ ಓಡಿಹೋಗಿ ತಗಡಿಗೆ ಕೆನ್ನೆ ಒತ್ತಿಕೊಂಡ. ಒಳಗೆ ಟಿಕ್ ಟಿಕ್ ಕೇಳುತ್ತಿತ್ತು.

ಐದು ಗಂಟೆಗೆ ಗಾಳಿ ಸಾಹೇಬರು ಬಂದು ಮೂಗಿನ ಮೇಲೆ ಬೆರಳಿಟ್ಟರು. "ಈ ರಸ್ತೇಲಿ ಉಳಿದದ್ದು ಇದೊಂದೇ ಕಣ್ರೀ. ಭೇಷ್! ಮೇಲಿನವರಿಗೆ ಹೇಳ್ತೀನಿ."

"ಬರೆದು ಕೊಡಿ," ಎಂದ ಮುಳ್ಳಪ್ಪ.

"ಏನಂತ?"

"ನಡೆದದ್ದು ನಡೆದ ಹಾಗೆ. ಮೊಹರು ಹಾಕಿ ಕೊಡಿ. ನಾಳೆ ನಿಮ್ಮ ಜಾಗಕ್ಕೆ ಇನ್ನೊಬ್ರು ಬಂದು ಎತ್ತೀನಿ ಅಂದ್ರೆ ನಾನು ತೋರಿಸಬೇಕು."

ಗಾಳಿ ಸಾಹೇಬರು ಉತ್ಸಾಹದಲ್ಲಿದ್ದರು. ಜೆರಾಕ್ಸಕ್ಕನ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು, ಮೊಹರು ಒತ್ತಿದರು. ಹೆಡ್ಮಾಸ್ಟರು ಗಟ್ಟಿಯಾಗಿ ಓದಿದರು: "ಸದರಿ ಅಂಗಡಿಯು ನೆಲದಲ್ಲಿ ಅತ್ಯಂತ ಭದ್ರವಾಗಿ ನೆಲೆಗೊಂಡಿದ್ದು, ಆರು ಜನ ತಳ್ಳಿದರೂ, ಭೀಕರ ಬಿರುಗಾಳಿಗೂ, ಕೂದಲೆಳೆಯಷ್ಟೂ ಕದಲಿಲ್ಲವೆಂದು ನಾನು ಕಣ್ಣಾರೆ ಕಂಡು ದೃಢೀಕರಿಸಿದ್ದೇನೆ." ಬೆಳಗಿನ ಹಳದಿ ಕಾಗದವನ್ನು ಉಗುರಿನಿಂದ ಕೆರೆದು ತೆಗೆದು, ಅದೇ ಜಾಗದಲ್ಲಿ ಮುಳ್ಳಪ್ಪ ಇದನ್ನು ಅಂಟಿಸಿದ. ಅಂಟು ಧಾರಾಳವಾಗಿ ಬಳಿದ.

ಐದೂವರೆಗೆ ಸರಿಯಾಗಿ ಅಳತೆ ಸಾಹೇಬರು ಕೆಸರು ದಾಟಿಕೊಂಡು ಬಂದರು. ಗಾಳಿಯಾಗಲಿ ಮಳೆಯಾಗಲಿ ಹೇಳಿದ ಹೊತ್ತಿಗೆ ಬರುವವರು ಅವರು. ಎರಡು ಬೆರಳು ಚಾಚಿ ತಳ್ಳಿದರು.

ಅಂಗಡಿ ಅಲುಗಲಿಲ್ಲ.

"ಭಾರ ಇದೆ ಸಾರ್, ಎರಡು ನಿಮಿಷ," ಎಂದ ಮುಳ್ಳಪ್ಪ ನಗುತ್ತಾ. ಎಲ್ಲರೂ ಕೈಹಾಕಿದರು. ವಿಶ್ವಕೋಶ ಹೋಯಿತು, ಕಾಗದ ಹೋಯಿತು, ಮೂಟೆ, ಮೆಷಿನ್ನು, ಬಾಗಿಲು ಎಲ್ಲ ಹೋದವು. ಒಳಗೆ ಸ್ಟೂಲು, ಮೇಜು, ಗಡಿಯಾರಗಳು ಮಾತ್ರ ಉಳಿದವು.

ಸಾಹೇಬರು ಮತ್ತೆ ತಳ್ಳಿದರು. ಅಲುಗಲಿಲ್ಲ. ಅಂಗೈ ಇಟ್ಟು ತಳ್ಳಿದರು. ಅಲುಗಲಿಲ್ಲ. ಮುಳ್ಳಪ್ಪನ ನಗು ಮುಖದ ಮೇಲೇ ಸಿಕ್ಕಿಹಾಕಿಕೊಂಡಿತು. ಇಸ್ತ್ರಿ ಅಣ್ಣ ಭುಜ ಕೊಟ್ಟ, ಹೆಂಡತಿ ಕೈ ಕೊಟ್ಟಳು, ಬೀದಿಗೆ ಬೀದಿಯೇ ಒತ್ತಿತು. ಆಗ ಹೆಡ್ಮಾಸ್ಟರು ಟಾರ್ಚು ಹಿಡಿದು ಕೆಳಗೆ ಬಗ್ಗಿ ನೋಡಿ, "ಅಯ್ಯೋ," ಎಂದರು.

ಗಾಲಿಗಳೇ ಕಾಣುತ್ತಿರಲಿಲ್ಲ. ಮಳೆ ಕುಡಿದ ಪೊಳ್ಳು ಮಣ್ಣು, ಮೇಲೆ ಬೀದಿಯ ಭಾರ. ನಾಲ್ಕೂ ಗಾಲಿ ಸದ್ದಿಲ್ಲದೆ ಮಣ್ಣೊಳಗೆ ಇಳಿದುಹೋಗಿ, ಅಂಗಡಿಯ ತಳ ನೆಲಕ್ಕೆ ಕಚ್ಚಿಕೊಂಡು ಕೂತಿತ್ತು.

"ಹೂತುಕೊಂಡಿದೆ ಸಾರ್, ಅಷ್ಟೆ! ನಾನೇನು ಕಟ್ಟಿದ್ದಲ್ಲ," ಎಂದ ಮುಳ್ಳಪ್ಪ. "ಇದು ಗಟ್ಟಿಯಾಗಿ ನೆಲೆ ನಿಂತದ್ದು ಅಂತ ಹೇಳೋಕೆ ನಿಮ್ಮ ಹತ್ರ ಏನು ದಾಖಲೆ ಇದೆ?"

ಅಳತೆ ಸಾಹೇಬರು ಗಾಜಿನ ಹತ್ತಿರ ಹೋದರು. ಕನ್ನಡಕ ಮೇಲೇರಿಸಿ ಗಾಜಿನ ಮೇಲಿನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮೊಹರಿನ ಹತ್ತಿರ ಬಂದಾಗ ಮುಖ ಅರಳಿತು.

"ನಮ್ಮ ಪಕ್ಕದ ಮೇಜಿನವರೇ ದೃಢೀಕರಿಸಿದ್ದಾರಲ್ರೀ! ನೆಲದಲ್ಲಿ ಅತ್ಯಂತ ಭದ್ರವಾಗಿ ನೆಲೆಗೊಂಡಿದೆ. ಇದಕ್ಕಿಂತ ದಾಖಲೆ ಬೇಕಾ?" ಎಂದು ಅದನ್ನು ಕೀಳಲು ನೋಡಿದರು. ಅಂಟು ಬಿಡಲಿಲ್ಲ. ಫೋಟೋ ಹೊಡೆದುಕೊಂಡು, ಪುಸ್ತಕ ತೆಗೆದು, ಕೇಳದೆಯೇ ಬರೆದು ಕೊಟ್ಟರು: ಸದರಿ ಕಟ್ಟಡವನ್ನು ನಾಳೆ ಮಧ್ಯಾಹ್ನ ಮೂರು ಗಂಟೆಯೊಳಗೆ ಸ್ವತಃ ತೆರವುಗೊಳಿಸತಕ್ಕದ್ದು.

"ಹಾಗಾದ್ರೆ ನಿಮ್ಮ ಲಾರಿನೇ ಕಳಿಸಿ ಎತ್ತಿಸಿ, ಆಚೆ ಇಟ್ಬಿಡಲಿ," ಎಂದಳು ಹೆಂಡತಿ.

"ಲಾರಿ ಗಾಳಿ ವಿಭಾಗದ್ದಮ್ಮ. ಸಡಿಲ ಇರೋದನ್ನ ಮಾತ್ರ ಎತ್ತುತ್ತೆ," ಎಂದು ಸಾಹೇಬರು ಕೆಸರು ದಾಟಿ ಹೊರಟರು.

ಬೀದಿಯವರು ಒಬ್ಬೊಬ್ಬರೇ ತಮ್ಮ ತಮ್ಮ ಭಾರ ಹೊತ್ತು ಜಾಗ ಖಾಲಿ ಮಾಡಿದರು. ಮುಳ್ಳಪ್ಪ ಬಾಗಿಲು ತೆಗೆದು ಸ್ಟೂಲಿನ ಮೇಲೆ ಕೂತ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡ. ಹೆಂಡತಿ ಕಿಟಕಿಯಲ್ಲಿ ಬಾಗಿ, ಅಭ್ಯಾಸದಂತೆ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು: "ನಾಳೆ ಮೂರು ಗಂಟೆಗೆ ಏನು ಮಾಡ್ತೀರಿ?"

"ಇಲ್ಲೇ ಇರ್ತೀನಿ. ಯಾರು ಬರ್ತಾರೋ ಬರ್ಲಿ."

"ಇದನ್ನ ಮಣ್ಣಿಂದ ಎತ್ತೋರು ಯಾರು?"

ಮುಳ್ಳಪ್ಪ ಭೂತಗನ್ನಡಿ ತೆಗೆದಿಟ್ಟ. ಆಮೇಲೆ ಎದ್ದು ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಆಕಾಶ ನೋಡಿ ಗಟ್ಟಿಯಾಗಿ ಕರೆದ: "ಏಯ್, ಇನ್ನೊಂದ್ಸಲ ಬಾರೋ!"

ಹುಟ್ಟಿ ಬುದ್ಧಿ ಬಂದ ಮೇಲೆ ಮೊದಲ ಸಲ ಅವನು ಗಾಳಿಗಾಗಿ ಕಾದ. ಕತ್ತಲಾಗುವವರೆಗೂ ಕಾದ. ಬೀದಿಯಲ್ಲಿ ಒಂದು ಎಲೆಯೂ ಅಲುಗಲಿಲ್ಲ.